ಕಟ್ಟಿನಡಿಯ ಎರಡಂಗುಲ

ಮಂಗಳೂರು ಬಂದರಿನ ಹಳೇ ಚಿತ್ರ, ಕಟ್ಟು ಹಾಕಿಸಲು ತಂದರು.
ಪಣಂಬೂರಿನ ಕಡೆ ಹೊಸ ಹೋಟೆಲಂತೆ,
ಲಾಬಿಯ ಗೋಡೆಗೆ ಊರಿನದೇ ಏನಾದರೂ ಬೇಕಂತೆ.

ಗಾಜು ತೆಗೆದು ಒರಲೆಯ ಮಣ್ಣು ಒರೆಸಿದೆ.
ಅಳಿವೆಯ ಬಾಯಲ್ಲಿ ಮೂರು ಹಡಗು, ಗುಡ್ಡದ ಮೇಲೊಂದು ಬಾವುಟ,
ದೊರೆಯ ತಲೆಗೊಂದು ಕೊಡೆ.
ಕೊಡೆ ಹಿಡಿದ ಕೈ ಉಂಟು, ಕೈಯ ಹಿಂದೆ ಯಾರೂ ಇಲ್ಲ.
ತೆಂಗುಗಳು ಖರ್ಜೂರದ ಹಾಗೆ ನಿಂತಿವೆ:
ಲಂಡನ್ನಿನ ಯಾವುದೋ ಓಣಿಯಲ್ಲಿ
ಮೀನಿನ ವಾಸನೆಯೇ ಇಲ್ಲದೆ ಕೂತು
ತಾಮ್ರದ ತಗಡಲ್ಲಿ ಕೆತ್ತಿದ್ದಾನೆ ನಮ್ಮ ದಕ್ಕೆಯನ್ನು.

ಸಮುದ್ರಕ್ಕಾಗಿ ಅವನು ಪಟ್ಟ ಪಾಡು ನೋಡಬೇಕು!
ಒಂದೊಂದು ತೆರೆಗೆ ನೂರು ಗೀರು.
ಹಗ್ಗದ ಹುರಿಯನ್ನೂ ಬಿಟ್ಟಿಲ್ಲ,
ಹಾಯಿಯ ಹೊಲಿಗೆ ಎಣಿಸಬಹುದು.

ಆಮೇಲೆ ಹಳೇ ಮೌಂಟು ಎತ್ತಿದೆ.
ಅದರಡಿ ಎರಡಂಗುಲ ಕಾಗದ
ಬಿಸಿಲು ಕಾಣದೆ ಬೆಳ್ಳಗೆ ಉಳಿದಿತ್ತು.
ಅಲ್ಲಿ, ದಡದಿಂದ ದೋಣಿಗೆ ಹಾಸಿದ ಹಲಗೆಯ ಮೇಲೆ
ಸಾಲಾಗಿ, ಹೊರೆ ಹೊತ್ತವರು.
ಒಬ್ಬೊಬ್ಬನಿಗೆ ಮೂರೇ ಗೀರು,
ಬೆನ್ನಿಗೊಂದು, ಕಾಲಿಗೆರಡು.
ತಲೆ ಇರಬೇಕಾದಲ್ಲಿ ಅಕ್ಕಿಮುಡಿ.
ಮುಡಿಗೆ ಸುತ್ತಿದ ಬೈಹುಲ್ಲಿನ ಹಗ್ಗವನ್ನು ಮಾತ್ರ
ಎಳೆ ಎಳೆಯಾಗಿ ಬಿಡಿಸಿದ್ದಾನೆ ಪುಣ್ಯಾತ್ಮ.

ಅಜ್ಜಿ ಹೇಳುತ್ತಿದ್ದಳು:
ಗದ್ದೆ ಕೈ ಬದಲಾದರೆ
ಕೋಣ, ನೊಗ, ಮೂಲದ ಆಳು
ಒಂದೇ ಚೀಟಿಯಲ್ಲಿ ಹೋಗುತ್ತಿದ್ದವಂತೆ.
ಅವಳ ಮುತ್ತಜ್ಜನಿಗೆ ಕ್ರಯವಿತ್ತು, ವರ್ಷದ ಬಾಡಿಗೆಯೂ ಇತ್ತು,
ಬಿಡುವಿದ್ದರೆ ಧಣಿಗಳು ದಕ್ಕೆಗೂ ಕಳಿಸುತ್ತಿದ್ದರು.
ಹೆಸರು ಹುಟ್ಟಿದ ವಾರದ್ದೇ.
ಕರೆಯುವವರಿಗೆ ಸುಲಭ.

ಬೆರಳಿಟ್ಟು ಕರೆದೆ:
ಐತ, ತೋಮ, ಅಂಗಾರ, ಬೂದ,
ಗುರುವ, ತುಕ್ರ, ತನಿಯ.
ವಾರ ಮುಗಿಯಿತು.
ಎಂಟನೆಯವನೊಬ್ಬ ಉಳಿದ,
ಹಲಗೆಯ ತುದಿಯಲ್ಲಿ, ಒಂದು ಕಾಲು ಕಾಗದದ ಹೊರಗೆ.

ಹೋಟೆಲಿನವರಿಗೆ ಫೋನು ಮಾಡಿ ಹೇಳಿದೆ, ಕೆಳಗೆ ಇನ್ನೂ ಚಿತ್ರ ಉಂಟು ಅಂತ.
'ದುಂಬು ಎಂಚ ಇತ್ತ್ಂಡ್, ಅಂಚನೆ ಮಲ್ಪುಲೆ.
ಅಳತೆ ಬದಲಾದರೆ ಗೋಡೆಗೆ ಕೂರುವುದಿಲ್ಲ.
ಹಾಯಿ ಚೆನ್ನಾಗಿ ಕಾಣಲಿ, ಸಾಕು.'

ಎದುರಿನ ಧಕ್ಕೆಯಲ್ಲಿ ಲಕ್ಷದ್ವೀಪದ ಮಂಜಿಗೆ
ಸಿಮೆಂಟು, ನೀರುಳ್ಳಿ, ಜಲ್ಲಿ ಏರುತ್ತಿದೆ.
ತಲೆಗೆ ಬೈರಾಸು ಸುತ್ತಿದ ಹುಡುಗನೊಬ್ಬ
ದಿನಾ ನನ್ನ ಅಂಗಡಿಯ ನೆರಳಲ್ಲಿ ಚಾ ಕುಡಿಯುತ್ತಾನೆ.
ಒಡಿಶಾದವನೋ, ಬಿಹಾರದವನೋ.
ವರ್ಷವಾಯಿತು. ಹೆಸರು ಕೇಳಿಲ್ಲ ನಾನು.

ಹೊಸ ಮೌಂಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ,
ಅಳಿಸಿದ್ದೇನೆ, ಮತ್ತೆ ಹಾಕಿದ್ದೇನೆ.
ಬ್ಲೇಡು ಮೇಜಿನ ಮೇಲಿದೆ.
ಐದು ಗಂಟೆಗೆ ಬರುತ್ತಾರಂತೆ.