ಪೆನ್ಸಿಲ್ ಗೆರೆ

ಹೊಸ ನೀರಿಗೆ ಅಂಚಿಲ್ಲ.
ಮುಟ್ಟಿದರೆ ತಣ್ಣಗೆ, ಕರುವಿನ ಮೂಗಿನ ಹಾಗೆ.
ಅಂಗೈ ಇಟ್ಟು ನೋಡಬಾರದು, ಮುಂಗೈ ಇಡಬೇಕು.
ಸ್ಪ್ಯಾನರ್ ತಿರುಗಿಸಿ ತಿರುಗಿಸಿ
ಅಂಗೈಗೆ ಬುದ್ಧಿ ಹೋಗಿರುತ್ತದೆ.

ಹಳೆಯದು ತನ್ನ ಅಂಚು ತಾನೇ ಬರೆದಿಟ್ಟಿರುತ್ತದೆ,
ಮೇಜಿನ ಮೇಲೆ ಚಾ ಗ್ಲಾಸು ಬಿಟ್ಟ ಉಂಗುರ,
ಉಂಗುರದೊಳಗೆ ಇನ್ನೊಂದು.
ಉಗುರಿಂದ ಕೆರೆದರೆ ಉಪ್ಪು ಉದುರುತ್ತದೆ.
ನಾಲಿಗೆಗೂ ಇಟ್ಟು ನೋಡಿದ್ದೇನೆ, ನಗಬೇಡಿ,
ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನಿಗೆ
ಗೋಡೆಯ ರುಚಿ ಗೊತ್ತಿರಬೇಕಲ್ಲ.

ಶಾರ್ಜಾ, ಅಬು ಶಗಾರ, ಮುನ್ನೂರ ನಾಲ್ಕನೇ ಫ್ಲ್ಯಾಟು.
ಮಳೆ ನಿಂತು ಹನ್ನೊಂದು ದಿನ.
ಕೆಳಗೆ ಗಲ್ಲಿಯಲ್ಲಿ ಟ್ಯಾಂಕರು ಇನ್ನೂ ನೀರು ಹೀರುತ್ತಿತ್ತು,
ನಾತೂರ್ ನೂರುಲ್ ತನ್ನ ಹಾಸಿಗೆಯನ್ನು
ಯಾರದೋ ಕಾರಿನ ಮೇಲೆ ಒಣಗಲು ಹಾಕಿ
ಕಾರಿನವನು ಬರುತ್ತಾನೋ ಅಂತ ಕಾಯುತ್ತಿದ್ದ.

ಮೈಮೂನಾಬಾಯಿ ಮನೆ ಖಾಲಿ ಮಾಡುತ್ತಿದ್ದರು.
ಕಪಾಟು ಸರಿಸಿದಾಗ ಕಂಡದ್ದು ಅದು:
ಕಿಟಕಿಯ ಬುಡದಿಂದ ನೆಲದವರೆಗೆ
ಒಂದು ಕಲೆ, ಮಲಗಿದ ಎಮ್ಮೆಯಷ್ಟು.

ಆಫೀಸಿನ ಕುಂಞಹಮ್ಮದ್ ಫೋಟೋ ಹೊಡೆದ.
‘ಹೊಸತು. ಮಳೆಗೆ ಕಿಟಕಿ ಮುಚ್ಚಲಿಲ್ಲ ಇವರು.
ಡೆಪಾಸಿಟ್ಟು ಎರಡು ಸಾವಿರ, ಮರೆತುಬಿಡಿ.’
‘ನಾನು ಬಂದಾಗಲೇ ಗೋಡೆ ಉಬ್ಬಿತ್ತು’ ಅಂದರು ಅವರು.
ಹೇಳುತ್ತ ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯುವುದನ್ನು ನಿಲ್ಲಿಸಲಿಲ್ಲ.
ಆಮೇಲೆ ಇಬ್ಬರೂ ನನ್ನ ಕಡೆ.
‘ಲಿಗೋರಿ, ನೀನೇ ಹೇಳು.’

ನಾನು ಮೊಣಕಾಲೂರಿದೆ.
ಎರಡು ಮುಳ್ಳಿನ ಮೀಟರು ಚುಚ್ಚಿದೆ:
ನಡುವೆ ಮೂವತ್ತೊಂದು, ಅಂಚಿನಲ್ಲಿ ಒಂಬತ್ತು.
ಮೊಳೆಯ ತಲೆ ತುಕ್ಕು ಹಿಡಿದು ಬಾದಾಮಿಯಷ್ಟಾಗಿದೆ,
ಅದು ಹನ್ನೊಂದು ದಿನದ ಕೆಲಸವಲ್ಲ.
ಬಿರುಕಿನೊಳಗೆ ಧೂಳು ಕೂತಿದೆ, ಧೂಳಿನ ಮೇಲೆ ಹಸಿ.
ಹೊಸ ನೀರಿಗೆ ದಾರಿ ಹುಡುಕುವ ಕಷ್ಟ ಯಾಕೆ,
ಹಳೆಯದು ಸವೆಸಿಟ್ಟದ್ದು ಉಂಟಲ್ಲ.

ಒಂದು ಮೂಲೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು.
ಎಳೆದೆ. ಅಂಗೈಯಗಲ ಕಳಚಿ ಬಂತು.
ಒಳಗೆ ಹಳದಿ ಉಂಗುರ.
ಉಂಗುರದ ಹೊರಗೆ ಪೆನ್ಸಿಲಿನ ಗೆರೆ.
ಗೆರೆಯ ಪಕ್ಕ: ೯-೩-೧೯.

ಕನ್ನಡದ ಅಂಕಿ.
ಈ ಕಟ್ಟಡದಲ್ಲಿ ಗೋಡೆಗೆ ಕನ್ನಡದಲ್ಲಿ ತಾರೀಖು ಹಾಕುವವರು
ಎಷ್ಟು ಜನ ಇದ್ದಾರು?
ಒಂಬತ್ತರ ಬಾಲ ಉದ್ದ ಎಳೆಯುತ್ತೇನೆ ಅಂತ
ಶಿರ್ವದ ಶಾಲೆಯಲ್ಲಿ ಪೆಟ್ಟು ತಿಂದವನು ಒಬ್ಬನೇ.

ಅವತ್ತು ನಾನು ಹೇಳಿದ್ದೆ,
ಗೆರೆ ಹಾಕಿದ್ದೇನೆ, ಹದಿನೈದು ದಿನ ಕಾಯೋಣ,
ನೀರು ಗೆರೆ ದಾಟಿದರೆ ಹೊರಗೋಡೆ ಒಡೆಯಬೇಕು.
ನಾಲ್ಕನೇ ದಿನ ಆಫೀಸಿಂದ ಫೋನು:
ಭಟ್ಕಳದವರು ಬರುತ್ತಾರೆ, ಬಿಳಿ ಹೊಡೆ, ಎರಡು ಕೋಟು.
ಹೊಡೆದೆ. ಒಳ್ಳೆಯ ಬಣ್ಣ. ಐದು ವರ್ಷ ಹಿಡಿಯಿತು.

‘ಏನದು ಗೀಚಿದ್ದು?’ ಅಂದ ಕುಂಞಹಮ್ಮದ್.
ಅವನಿಗೆ ಓದಲು ಬಾರದು.
ಟೇಪಿನ ಸದ್ದು ನಿಂತಿತು.
ಮೈಮೂನಾಬಾಯಿ ಬಗ್ಗಿ ನೋಡಿದರು, ತುಟಿಯಲ್ಲೇ ಓದಿದರು,
ಏಳನೆಯವರೆಗೆ ಕನ್ನಡ ಶಾಲೆ ಅಂತೆ.
ಆಮೇಲೆ ನನ್ನ ಅಂಗಿಯ ಜೇಬು ನೋಡಿದರು.
ಪೆನ್ಸಿಲ್ ಅಲ್ಲೇ ಇತ್ತು.

ಫಾರಮ್ಮಿನಲ್ಲಿ ಎರಡೇ ಚೌಕ.
‘ಹಳೆಯದು’ ಅನ್ನುವುದಕ್ಕೆ ಗುರುತು ಹಾಕಿದೆ.
ಷರಾ ಅನ್ನುವಲ್ಲಿ ಏನೂ ಬರೆಯಲಿಲ್ಲ.
ಜೂನ್‌ನಲ್ಲಿ ನನ್ನ ವೀಸಾ,
ಸಹಿ ಹಾಕುವವನು ಪಕ್ಕದಲ್ಲೇ ನಿಂತಿದ್ದ.

ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಅವರು ಕೂಗಿದರು,
ಕೈಯಲ್ಲಿ ತುಕ್ಕು ಹಿಡಿದ ಡಬ್ಬಿ.
‘ಬಾಲ್ಕನಿಯಲ್ಲಿತ್ತು, ನಾವು ಬಂದ ದಿನದಿಂದ.
ನಿಮ್ಮದೇ ಇರಬೇಕು.’

ಕೆಳಗೆ ಬಂದು ಚಾವಿಯಿಂದ ಮುಚ್ಚಳ ಎಬ್ಬಿಸಿದೆ.
ಮೇಲೆ ಕೆನೆ ಕಟ್ಟಿತ್ತು, ಚರ್ಮದಷ್ಟು ದಪ್ಪ.
ಚುಚ್ಚಿ ನೋಡಿದೆ.
ಒಳಗೆ ಇನ್ನೂ ಹಸಿ.