ಎಂಬತ್ತೈದರ ಬುಧವಾರ

ವಾಲ್ಪರೈಸೊದಲ್ಲಿ ಮನೆಗೆ ದಾರಿ ಎಂದರೆ ಮೆಟ್ಟಿಲು.
ನಮ್ಮ ಗುಡ್ಡಕ್ಕೆ ನೂರ ಅರವತ್ತೆರಡು.
ಎಣಿಸಿದ್ದು ನಾನಲ್ಲ, ನನ್ನ ಎಡ ಮೊಣಕಾಲು.

ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ
ನಿಬಾಲ್ದೊನ ಗ್ಯಾರೇಜಿಗೆ ಇಳಿಯುತ್ತೇನೆ.
ಅಲ್ಲಿ ಕನ್ನಡಿಯಿಲ್ಲ. ಇದ್ದದ್ದನ್ನು ಮಾರಿ
ಎರಡು ಕಬ್ಬಿಣದ ಗುಂಡು ತಂದನಂತೆ.
ಸಿಮೆಂಟು ಸುರಿದು ಹಿಡಿಕೆ ನೆಟ್ಟ ಪೇಂಟಿನ ಡಬ್ಬ,
ಒಂದು ಮಾರು ಹಡಗಿನ ಹಗ್ಗ,
ಮಗುಚಿ ಹಾಕಿದ ಹಾಲಿನ ಕ್ರೇಟು.

ಹರೆಯದಲ್ಲಿ ಅವನು ಬಂದರಿನ ಹಮಾಲಿ.
ಪಂದ್ಯ ಕಟ್ಟಿ ಎರಡು ಮೂಟೆ ಒಟ್ಟಿಗೆ ಹೊತ್ತವನು;
ಗೆದ್ದ ಹಣ ಅದೇ ರಾತ್ರಿ ಮುಗಿಯಿತು,
ಬೆನ್ನು ಇಂದಿಗೂ ಬಡ್ಡಿ ಕಟ್ಟುತ್ತಿದೆ.
ಅದಕ್ಕೇ ಅನ್ನುತ್ತಾನೆ: "ನಿಧಾನ, ದೋನ್ಯಾ ಎದುವಿಹೆಸ್.
ಇದು ಇವತ್ತಿಗಲ್ಲ,
ಎಂಬತ್ತೈದರ ಯಾವುದೋ ಬುಧವಾರಕ್ಕೆ."

ಆ ಬುಧವಾರ ನನಗೇನು ಘನಕಾರ್ಯ?
ಬ್ರೆಡ್ಡು ತರುವುದು. ಮಂಚದಡಿಯ ಬೆಕ್ಕನ್ನು ಎಳೆಯುವುದು.
ಬಾಗಿಲು ಹಾಕಿಕೊಂಡು ಒಬ್ಬಳೇ ಸ್ನಾನ ಮಾಡುವುದು.

ಸೊಂಟ ಹಿಂದಕ್ಕೆ ತಳ್ಳಿ ಇಲ್ಲದ ಕುರ್ಚಿಗೆ ಕೂರುತ್ತೇನೆ,
ಕೂತೆ ಅನ್ನುವಷ್ಟರಲ್ಲಿ ಏಳುತ್ತೇನೆ.
ಡಬ್ಬ ಹಿಡಿದು ಗೋಡೆಯಿಂದ ಗೋಡೆಗೆ
ಸಂತೆಗೆ ಹೊರಟವಳ ಗತ್ತಿನಲ್ಲಿ.
ಕೀಲು ಹಳೆ ಬಾಗಿಲ ಹಾಗೆ ಗೊಣಗುತ್ತದೆ.
ಗೊಣಗಲಿ; ತೆರೆಯುತ್ತದಲ್ಲ.
ನಲವತ್ತು ವರ್ಷ ಹೊಲಿಗೆ ಮಷೀನಿಗೆ ಬಗ್ಗಿದ ಬೆನ್ನನ್ನು
ಗೋಡೆಗೆ ತಾಗಿಸು ಎಂದರೆ
ಯಾವ ತುದಿಯಿಂದ, ಎಂದು ಕೇಳುತ್ತದೆ.

ಕೊನೆಯದು ಭಾರವೇ ಇಲ್ಲದ್ದು, ಎಲ್ಲಕ್ಕಿಂತ ಭಾರ:
ನೆಲಕ್ಕೆ ಮಲಗಿ, ಎದ್ದು ನಿಲ್ಲುವುದು.
ಮಗ್ಗುಲಿಗೆ ಹೊರಳು. ಅಂಗೈ ಊರು. ಒಂದು ಮಂಡಿ.
ಇನ್ನೊಂದು ಪಾದ. ಉಸಿರು. ಮೇಲೆ.

ಐದು ಸಲ ಅಂದರೆ ಆರು ಸಲ ಯಾಕೆ ಮಾಡುತ್ತೀರಿ
ಎಂದು ಒಮ್ಮೆ ಕೇಳಿದ ನಿಬಾಲ್ದೊ.
ಶೂ ಲೇಸು ಬಿಗಿದುಕೊಂಡೆ.

ಅಮ್ಮ ಬಿದ್ದದ್ದು ಅಡುಗೆಮನೆಯಲ್ಲಿ, ರಾತ್ರಿ ಹತ್ತಕ್ಕೆ.
ಮೂಳೆ ಮುರಿದಿರಲಿಲ್ಲ, ತರಚೂ ಇಲ್ಲ.
ಏಳಲು ಬರಲಿಲ್ಲ, ಅಷ್ಟೆ.
ನೈಟ್ ಶಿಫ್ಟ್ ಮುಗಿಸಿ ನಾನು ಬಾಗಿಲು ತೆಗೆದಾಗ
ಒಲೆಯ ಕಾಲು ಹಿಡಿದುಕೊಂಡೇ ಅಂದಳು:
"ಇಲ್ಲಿಂದ ನೋಡಿದರೆ ಗೊತ್ತಾಗುತ್ತೆ ಕಣೇ,
ಈ ನೆಲ ಎಷ್ಟು ಕೊಳೆ."

ಇವತ್ತು ಗುಡ್ಡದ ಕೇಬಲ್ ಗಾಡಿ ಮತ್ತೆ ಕೆಟ್ಟಿದೆ.
ಆಲೂಗಡ್ಡೆ ಎಡಗೈಗೆ, ಈರುಳ್ಳಿ ಬಲಗೈಗೆ.
ನೂರ ಹತ್ತನೇ ಮೆಟ್ಟಿಲಲ್ಲಿ ನಿಂತು ಸಮುದ್ರ ನೋಡಿದೆ.
ಸೊಬಗಿಗಲ್ಲ, ದಣಿವಿಗೆ.
ಕೆಳಗೆ ಕ್ರೇನೊಂದು ತನ್ನ ಪೆಟ್ಟಿಗೆಯನ್ನು
ನಿಬಾಲ್ದೊ ಮೆಚ್ಚುವಷ್ಟು ನಿಧಾನ ಇಳಿಸುತ್ತಿತ್ತು.

ಮನೆಗೆ ಬಂದು, ಚೀಲ ಮೇಜಿಗಿಟ್ಟು,
ಅಡುಗೆಮನೆಯ ನೆಲಕ್ಕೆ ಬೇಕೆಂದೇ ಮಲಗಿದೆ.
ಫ್ರಿಜ್ಜಿನಡಿ ಒಂದು ನೀಲಿ ಗುಂಡಿ, ಒಣಗಿದ ಬಟಾಣಿ, ಧೂಳು.
ನಿಜ, ಅಮ್ಮ.
ಹೊರಳಿದೆ. ಅಂಗೈ. ಮಂಡಿ.
ಎದ್ದು, ಒರೆಸುವ ಬಟ್ಟೆ ಹುಡುಕಿದೆ.