ಎಡಕ್ಕ ತಿರುಗೂ ಬೀಗ

ಬೆಟಗೇರಿಯಿಂದ ಹೊಂಟಾಗ ಚೀಲ ಒಂಬತ್ತು ಕಿಲೋ.
ಎರಡು ಬಾಡಿ, ಐದು ಲೆನ್ಸು,
ನಡುನಡುವ ಹಳೇ ಸೀರಿ ತುಂಡು, ತಿಕ್ಕಾಡಬಾರದಂತ.
ಹದಿನೇಳು ವರ್ಷದ ಮದವಿ ಎಲ್ಲಾ ಇದರಾಗಽ ಹಾದು ಹೋಗ್ಯಾವ:
ಮೆಹಂದಿ, ಅರಿಷಿಣ, ಸುರಗಿ,
ಗಂಡಸರಿಗೆ ಬಾಗಲಾ ಹಾಕಿದ ಖೋಲ್ಯಾಗಿನ ನಗಿ.

"ಎಲ್ಲಾರೂ ಬದಲ್ ಮಾಡ್ಯಾರ ಅಕ್ಕಾ," ಅಂತಾಳ ಫರ್ಹಾನಾ,
ನನ್ನ ಹಿಂದ ಲೈಟ್ ಹಿಡಿಯಾಕಿ.
"ಕಣ್ಣ ಎಲ್ಲೈತಿ ಅಂತ ಅದಽ ಹುಡುಕತೈತಿ. ಓಡೂ ಹುಡುಗಂದು ಸೈತ."
ಹಂಗಾದ್ರ ನಾ ಇಷ್ಟ ವರ್ಷ ಹುಡುಕಿದ್ದೇನು
ಅಂತ ಕೇಳಲಿಲ್ಲ. ಟಿಕೀಟ್ ತಗಸಿದೆ.

ಹುಬ್ಬಳ್ಳಿ. ದುರ್ಗದಬೈಲಿನ ಹಿಂದಿನ ಓಣಿ,
ಖಾರ ಕುಟ್ಟೂ ಗಿರಣಿ ಮ್ಯಾಲ ತುಳಜಾಸಾ ಜಿತೂರಿ ಅವರ ಅಂಗಡಿ.
ಅಲ್ಲಿ ಚೌಕಾಸಿ ಮಾಡಾವರು ಮೊದಲ ಸೀನತಾರ.
ಹಸರ ಬಟ್ಟಿ ಹಾಸಿ, ಒಂದೊಂದಽ ಎತ್ತಿ,
ಹಿಂದಿಂದ ಬ್ಯಾಟರಿ ಬಿಟ್ಟು ನೋಡಿದ್ರು
ಹಸುಗೂಸಿನ ಗಂಟಲ ನೋಡಿಧಂಗ.

"ಬಾಡಿ ಅಂದ್ರ ಬಾಡಿಗಿ ಮನಿ, ಅಕ್ಕಾರ.
ನಾಕ್ ವರ್ಷ ಇದ್ದು ಬಿಡೂದು. ಅದರ ಚಿಂತಿ ಬ್ಯಾಡ.
ಲೆನ್ಸ್ ಅಂದ್ರ ಬೀಗತನ.
ಈ ಮನಿ ಬಿಟ್ಟು ಆ ಮನಿಗೆ ಹೊಂಟ್ರಿ ಅಂದ್ರ
ಈ ಐದೂ ಮಂದಿ ಅಲ್ಲಿ ಹೊಸ್ತಲಾ ದಾಟೂದಿಲ್ಲ.
ನಡುವ ಅಡಾಪ್ಟರ್ ಹಾಕಬಹುದು. ಹಾಕಿದ್ರ,
ಸಂಬಂಧ ಕುದುರಿಸಿದಾಂವ
ಕಡೀತನಕಾ ನಿಮ್ಮ ಮನ್ಯಾಗಽ ಕುಂತಂಗ."

ಎಪ್ಪತ್ತು-ಇನ್ನೂರಕ್ಕ ಅರವತ್ತೆರಡು ಸಾವಿರ.
ಇಪ್ಪತ್ನಾಕು-ಎಪ್ಪತ್ತು, ರಬ್ಬರ್ ಸಡ್ಲಾಗೇತಿ, ಮೂವತ್ತು.
ಮೆಹಂದಿ ತಗ್ಯೂ ನೂರಾಐದಕ್ಕ ಇಪ್ಪತ್ತೆರಡು.
ಎಂಬತ್ತೈದು ಎತ್ತಿದಾಂವರು ಸುಮ್ಮನಾದ್ರು,
"ಇದನ್ನ ಮಾರಬ್ಯಾಡ್ರಿ" ಅಂದ್ರು,
ಮತ್ತ ತಾವಽ "ಹದಿನೆಂಟು" ಅಂದ್ರು.
ಐವತ್ತಕ್ಕ ಏನೂ ಇಲ್ಲ. ಒಳಗ ಬೂಷ್ಟು,
ಜ್ವಾಳದ ಬೇರಿನಂಗ ಬೆಳ್ಳಗ ಹಬ್ಬೇತಿ.

ಹೊಸಾದು ಕೈಗೆ ಕೊಟ್ರು.
ಒಳಗ ಕನ್ನಡಿ ಇಲ್ಲ. ಉಪಾಸ ಇದ್ದಾಕಿಯಂಗ ಹಗರ.
ಬಟನ್ ಒತ್ತಿದೆ. ಏನೂ ಆಗಲಿಲ್ಲ.
"ಆತಲ್ರಿ," ಅಂದ್ರು. ಆಗಿತ್ತು.
ಸಪ್ಪಳಿಲ್ಲದ ಇಪ್ಪತ್ತು ತುಳಜಾಸಾ,
ಇಪ್ಪತ್ತರಾಗೂ ಕಣ್ಣ ಬರೋಬರಿ.

ನಮ್ಮದು ಟಕ್ ಅಂದ ಮ್ಯಾಲಽ
ಮದಲಗಿತ್ತಿ ಹಿಡಿದಿದ್ದ ಉಸಿರು ಬಿಡತಿದ್ಲು.
ಬಿಟ್ಟ ಆ ಮುಖಾನಽ ನಾ ಎರಡನೇ ಸಲ ತಗೀತಿದ್ದೆ.
ಆಲ್ಬಮ್ಮಿನ್ಯಾಗ ಮಂದಿ ಬೆರಳಿಡೂದು ಯಾವಾಗ್ಲೂ ಅದಕ್ಕ.
ಇನ್ನ ಸಪ್ಪಳಽ ಇಲ್ಲಂದ್ರ
ಉಸಿರು ಬಿಡವಾ ಅಂತ ಆಕಿಗೆ ಯಾರು ಹೇಳಬೇಕು?

ಆದ್ರ ಸುಳ್ಳ ಹೇಳಬಾರದು.
ದೀಪಾ ಆರಿಸಿ ಮೂಲ್ಯಾಗಿನ ಪಟಾ ತಗದೆ,
ಊದಿನಕಡ್ಡಿ ಬೂದಿ ಬಾಗಿದ್ದು ಸೈತ ಬಿದ್ದಿತ್ತು.
ಆಸೆ ಆತು.

ಲೆನ್ಸ್ ಹಚ್ಚಾಕ ಹೋದೆ. ಬೀಗ ಬೀಳವಲ್ದು.
"ಬಲಕ್ಕ, ಅಕ್ಕಾರ, ಬಲಕ್ಕ.
ನಿಮ್ಮ ನಿಕಾನ್ ಎಡಕ್ಕ. ಇದು ಬ್ಯಾರೆ ಮನಿ."
ಮಣಿಕಟ್ಟು ಎಡಕ್ಕಽ ಹೊಂಟಿತ್ತು. ಮತ್ತೊಮ್ಮೆ ಎಡಕ್ಕ.
ತಲಿಗಾದ್ರ ತಿಳಿಸಿ ಹೇಳಬಹುದು.

ಎರಡೂ ಬಾಡಿ, ನಾಕು ಲೆನ್ಸ್ ಕೊಟ್ಟೆ.
ಒಂದು ಬಾಡಿ, ಎರಡು ಲೆನ್ಸ್ ತಂದೆ, ಹನ್ನೊಂದು ಕಂತು.
ಎಂಬತ್ತೈದೂ ಕೊಟ್ಟೆ.
ತುಳಜಾಸಾ ನನ್ನ ಮುಖಾ ನೋಡಲಿಲ್ಲ, ಬಿಲ್ ಬರದ್ರು.
ಬೂಷ್ಟಿಂದೊಂದು ಉಳೀತು.

ಸಂಜೀ ಗಾಡಿ ಅಣ್ಣಿಗೇರಿ ಸಿಗ್ನಲ್ಲಿಗೆ ನಿಂತಿತ್ತು.
ಬಾಡಿ ಇಲ್ಲದ ಲೆನ್ಸ್ ಕೈಯಾಗ ಹಿಡಿದೆ,
ರಿಂಗ್ ತಿರುವಿ ಪೂರ್ತಿ ಕಣ್ಣ ತಗಸಿ,
ಕಿಡಕೀ ಕಡೆ ಮುಖಾ ಮಾಡಿ, ಹಿಂದ ಬಿಲ್ಲಿನ ತೆಳ್ಳನ ಕಾಗದ.
ಎರಡು ಬೆರಳಗಲದಾಗ
ಹತ್ತೀ ಹೊಲ ಮ್ಯಾಲ, ಆಕಾಶ ಕೆಳಗ,
ಬೂಷ್ಟಿನ ಕಡಿಗೆ ಸ್ವಲ್ಪ ಮಂಜು.
ಎಮ್ಮಿ ಹೊಡಕೊಂಡು ಹುಡುಗೊಬ್ಬ
ಹೊರಗ ಬಲಕ್ಕ ಹೊಂಟಾಂವ,
ಇಲ್ಲಿ, ರೂಪಾಯಿ ಅಂಕಿ ಮ್ಯಾಲ,
ತಲಿ ಕೆಳಗ ಮಾಡಿ ಎಡಕ್ಕ ನಡದಿದ್ದ.